ಐದನೇ ಹಾಸಿಗೆಯ ಆರು ನಿಮಿಷ

ಬುಧವಾರ ಬೆಳಿಗ್ಗೆ 10.40ಕ್ಕೆ ಎಲೆಕ್ಟ್ರಿಷಿಯನ್ ಒಬ್ಬ ಠಾಣೆಗೆ ಬಂದು ದೂರು ಕೊಟ್ಟ. ಎದೆನೋವೆಂದು ಭಾನುವಾರ ತುರ್ತು ಚಿಕಿತ್ಸಾ ವಿಭಾಗಕ್ಕೆ ಸೇರಿಸಿದ್ದ ತಾಯಿಗೆ ಅಲ್ಲೇ ಹೃದಯಸ್ತಂಭನವಾಗಿತ್ತು. ಕೂಗುತ್ತಿದ್ದ ಮಾನಿಟರಿನ ಬಾಯಿಯನ್ನು ನರ್ಸ್ ಮುಚ್ಚಿಸಿದ್ದಳು ಎಂಬುದು ಅವನ ಆರೋಪ. ಮೂರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದ ತಾಯಿ ಬುಧವಾರ ಬೆಳಗ್ಗೆ ತೀರಿಕೊಂಡಿದ್ದರು. ನಿರ್ಲಕ್ಷ್ಯದಿಂದಾದ ಸಾವೆಂದು ಎಫ್‌ಐಆರ್ ದಾಖಲಾಯಿತು.

"ಆ ನರ್ಸನ್ನ ಒಳಗೆ ಹಾಕೋವರೆಗೂ ನಾನು ಹೆಣ ಎತ್ತಲ್ಲ."

"ಎತ್ತೋದು ಬಿಡೋದು ಪೋಸ್ಟ್‌ಮಾರ್ಟಂ ಆದ್ಮೇಲೆ. ಮೊದಲು ಸಹಿ ಹಾಕಿ," ಎಂದರು ಇನ್‌ಸ್ಪೆಕ್ಟರ್. ಆಕೆಗೆ ಕೂಗಾಡುವ ಗಂಡಸರು ಹೊಸಬರಲ್ಲ.

12.15ಕ್ಕೆ ಆಸ್ಪತ್ರೆಯಲ್ಲಿ ಪಂಚನಾಮೆ ಮಾಡಿ, ಐದನೇ ಹಾಸಿಗೆಯ ಮಾನಿಟರಿನ ದಾಖಲೆಯನ್ನು ವಶಪಡಿಸಿಕೊಂಡರು. ಭಾನುವಾರ ಮಧ್ಯಾಹ್ನ 2.10ಕ್ಕೆ ಯಂತ್ರ ಕೂಗಿತ್ತು. 2.10, 2.12, 2.14: ಮೂರು ಸಲ ಯಾರೋ ಸದ್ದು ನಿಲ್ಲಿಸುವ ಗುಂಡಿ ಒತ್ತಿದ್ದರು.

"ಒಂದ್ಸಲ ಒತ್ತಿದ್ರೆ ಎರಡು ನಿಮಿಷ ಸುಮ್ಮನಿರುತ್ತೆ," ಎಂದಳು ನರ್ಸ್.

"ಒತ್ತಿದ್ದು ನೀವಾ?"

"ನಾನು ಎರಡನೇ ಹಾಸಿಗೆಯವರ ಎದೆ ಒತ್ತುತ್ತಿದ್ದೆ. ನನಗೇನು ನಾಲ್ಕು ಕೈ ಇದ್ಯಾ? 2.16ಕ್ಕೆ ಇಲ್ಲಿ ಕೂಗಿದ್ದು ಕೇಳಿಸ್ತು, ಓಡಿ ಬಂದೆ."

ಎರಡನೇ ಹಾಸಿಗೆಯ ಯಂತ್ರವೂ ವೈದ್ಯರೂ ಅದನ್ನೇ ಹೇಳಿದರು.

"ಐದನೇ ಹಾಸಿಗೆಯವರ ಹೃದಯ ಬಡಿಯೋದು ಬಿಟ್ಟು ಬರೀ ನಡುಗ್ತಿತ್ತು," ಎಂದರು ವೈದ್ಯರು. "ಆಗಲೇ ಶಾಕ್ ಕೊಟ್ಟಿದ್ರೆ ಬದುಕಬಹುದಿತ್ತು. ಆರು ನಿಮಿಷ ಹೋಯ್ತು. ಹೃದಯ ವಾಪಸ್ ತಂದ್ವಿ, ಮಿದುಳು ಬರಲಿಲ್ಲ."

"ಆಗ ಹಾಸಿಗೆ ಸುತ್ತಿನ ಪರದೆ ಒಳಗೆ ಯಾರಿದ್ರು?"

"ಸೊಸೆ ಒಬ್ರೇ," ಎಂದಳು ನರ್ಸ್. "ಮಗ ಔಷಧಿ ತರೋಕೆ ಹೋಗಿದ್ರು. ಬೆಳಗ್ಗೆಯಿಂದ ವೈರ್ ಕಳಚಿ ನಾಲ್ಕು ಸಲ ಸುಮ್ಸುಮ್ನೆ ಕೂಗಿತ್ತು. ನಾನು ಗುಂಡಿ ಒತ್ತೋದನ್ನ ಅವರು ನೋಡ್ತಾ ಕೂತಿದ್ರು."

ಸಂಜೆ ನಾಲ್ಕಕ್ಕೆ ದೂರುದಾರನ ಮನೆ. ಬಾಗಿಲಲ್ಲೇ ಅವನ ತಂಗಿ ಶುರುಮಾಡಿದಳು: "ಅಮ್ಮ ಹೋದ್ಲು, ನಮ್ಮ ಅತ್ತಿಗೆ ಕಣ್ಣಲ್ಲಿ ಒಂದು ಹನಿ ನೋಡಿ? ಪಾತ್ರೆ ತಿಕ್ತಾ ಇದ್ದಾರೆ ಮಹಾರಾಣಿ."

ತಾಯಿಯ ಮಂಚಕ್ಕೆ ಕರೆಗಂಟೆಯ ಗುಂಡಿ ಕಟ್ಟಿತ್ತು. ಅದರ ಕೆಂಪು ಬಣ್ಣ ನಡುವೆ ಸವೆದು ಬೆಳ್ಳಗಾಗಿತ್ತು. ಜೊತೆಗೆ ಬಂದಿದ್ದ ಮಹಿಳಾ ಪೇದೆ ಒತ್ತಿ ನೋಡಿದಳು. ಅಡುಗೆಮನೆಯಲ್ಲಿ ಗಂಟೆ ಮೊಳಗಿತು. ಮಹಡಿಯ ಕೋಣೆಯಲ್ಲಿ. ಬಚ್ಚಲಲ್ಲಿ.

"ಬಚ್ಚಲಲ್ಲೂ?" ಇನ್‌ಸ್ಪೆಕ್ಟರ್ ತಿರುಗಿದರು.

"ಹದಿನಾಲ್ಕು ವರ್ಷದ ಹಿಂದೆ ನಾನೇ ಹಾಕಿದ್ದು. ಅಮ್ಮ ಕರೆದ್ರೆ ಕೇಳಿಸಬೇಡ್ವಾ?" ದೂರುದಾರನ ದನಿಯಲ್ಲಿ ಹೆಮ್ಮೆಯಿತ್ತು.

ಅಷ್ಟರಲ್ಲಿ ಅವನ ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದು ಖಾಲಿ ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದಳು.

ಇನ್‌ಸ್ಪೆಕ್ಟರ್ ದಾಖಲೆಯ ಹಾಳೆ ತೋರಿಸಿದರು. "ಒತ್ತಿದ್ದು ನೀವಾ?"

"ಮೊದಲನೇ ಸಲ ವೈರ್ ಕಳಚಿದೆ ಅಂದ್ಕೊಂಡೆ."

"ಎರಡನೇ ಸಲ?"

"ಮುಖ ನೋಡಿದೆ. ಗೊತ್ತಾಯ್ತು."

"ಮೂರನೇ ಸಲ?"

ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಅಷ್ಟು ಹೊತ್ತು ಯಾರೂ ಕರೀಲಿಲ್ಲ ಮೇಡಂ."

ಗಂಡ ಕೈ ಎತ್ತಿಕೊಂಡು ಮುನ್ನುಗ್ಗಿದ. ಪೇದೆ ಅಡ್ಡ ನಿಂತಳು. 5.10ಕ್ಕೆ ಸೊಸೆಯ ಬಂಧನ. ಎಫ್‌ಐಆರ್‌ನಲ್ಲಿ ನಿರ್ಲಕ್ಷ್ಯದ ಕಲಂ ಹೋಗಿ ನರಹತ್ಯೆಯ ಕಲಂ ಬಂತು.

ಠಾಣೆಯಲ್ಲಿ ಹೇಳಿಕೆ ಬರೆಸಿದ ಮೇಲೆ ಆಕೆ ಬಚ್ಚಲಿಗೆ ಹೋಗಬೇಕೆಂದಳು. ಪೇದೆ ಹೊರಗೆ ಕಾದಳು. ಐದು ನಿಮಿಷವಾಯಿತು, ಹತ್ತಾಯಿತು. ಒಳಗೆ ನಲ್ಲಿ ನಿಧಾನವಾಗಿ ಸುರಿಯುತ್ತಿತ್ತು, ನಡುನಡುವೆ ಆಕೆ ಗಂಟಲು ಸರಿಪಡಿಸಿಕೊಳ್ಳುವ ಸದ್ದು. ಪೇದೆ ಬಾಗಿಲು ತಟ್ಟಲು ಕೈ ಎತ್ತಿದಳು.

ಇನ್‌ಸ್ಪೆಕ್ಟರ್ ಮೇಜಿನಿಂದಲೇ ಬೇಡವೆಂದು ತಲೆಯಾಡಿಸಿದರು.