ಮೂವತ್ತೆಂಟು ಡಿಗ್ರಿ

ಮಧ್ಯಾಹ್ನ ಮೂರು ಗಂಟೆಗೆ, ಸೆನ್ಸರ್ ಕಿತ್ತು ನನ್ನ ಅಂಗೈಯಲ್ಲಿ ಹಿಡಿದುಕೊಂಡಿದ್ದಾಗಲೇ, ಪರದೆಯ ಮೇಲೆ ಓವನ್ನಿನ ಉಷ್ಣತೆ ಇಳಿಯತೊಡಗಿತು.

ಎಲೆಕ್ಟ್ರಾನಿಕ್ ಸಿಟಿಯ ಆ ಕಾರ್ಖಾನೆಯಲ್ಲಿ ಕಳೆದ ತಿಂಗಳು ರೇವಣಸಿದ್ದ ಸುಟ್ಟು ಸತ್ತಿದ್ದ. ಪರದೆ ಮೂವತ್ತೆಂಟು ಡಿಗ್ರಿ ತೋರಿಸಿದ್ದನ್ನು ನಂಬಿ ಕೋಣೆಯಷ್ಟು ದೊಡ್ಡ ಓವನ್ನಿನೊಳಗೆ ಕಾಲಿಟ್ಟಿದ್ದ. ಆ ಪರದೆಯ ಸಾಫ್ಟ್‌ವೇರ್ ಪರೀಕ್ಷಿಸಲು ಹೊರಗಿನಿಂದ ಕರೆಸಿದ್ದು ನನ್ನನ್ನು. ಗೇಟಿನಲ್ಲಿ ಅವನ ಹೆಂಡತಿ ಸವಿತಾ ಕೈ ಹಿಡಿದಿದ್ದಳು: "ಅಕ್ಕಾರ, ಅಂಕಿ ನಿಂತಿತ್ತು ಅಂತ ಅಷ್ಟ ಬರೀರಿ. ಕುಡದಿದ್ದ ಅಂತಾರ್ರೀ ಇವ್ರು."

ದೋಷ ಬೇಗ ಸಿಕ್ಕಿತು. ವರದಿ ಉಳಿಸುವ ಗುಂಡಿ ಒತ್ತಿದರೆ ಆ ಕೆಲಸ ಮುಗಿಯುವವರೆಗೂ ವಿಂಡೋ ಸ್ತಬ್ಧವಾಗುತ್ತಿತ್ತು. ಒಳಗೆ ಕಾವೇರಿದರೂ ಹಳೆಯ ಅಂಕಿಯೇ ಉಳಿಯುತ್ತಿತ್ತು. ಮ್ಯಾನೇಜರ್ ಶಶಿಕುಮಾರ್‌ಗೆ ತೋರಿಸಲೆಂದು ಸೆನ್ಸರನ್ನು ವೈರಿನಿಂದ ಕಿತ್ತು ಕೈಯಲ್ಲಿ ಹಿಡಿದು, ಗುಂಡಿ ಒತ್ತಿದೆ. ವಿಂಡೋ ನಿಂತಿತು. ಮೌಸ್ ಒತ್ತಿದರೂ ಸ್ಪಂದಿಸಲಿಲ್ಲ. ಅಂಕಿ ಮೂವತ್ತೆಂಟು.

ಆಮೇಲೆ, ಸ್ತಬ್ಧವಾಗಿದ್ದ ಆ ವಿಂಡೋದಲ್ಲೇ, ಮೂವತ್ತೇಳೂವರೆ. ಮೂವತ್ತೇಳು. ಒಂದೇ ಸಮನೆ, ಆತುರವಿಲ್ಲದೆ ಇಳಿಯಿತು. ಓವನ್ ಆರಿ ವಾರಗಳಾಗಿದ್ದವು; ಆ ಮೂವತ್ತೆಂಟಕ್ಕೂ ಈ ಇಳಿಕೆಗೂ ಒಳಗೆ ಕಾರಣವೇ ಇರಲಿಲ್ಲ. ನನ್ನ ಬೆವೆತ ಅಂಗೈಯಲ್ಲಿದ್ದ ಸೆನ್ಸರ್ ತುದಿಯೂ ಅದರ ಜೊತೆಗೇ ತಣ್ಣಗಾಗುತ್ತಾ ಹೋಯಿತು. ಕೋಣೆಯ ಉಷ್ಣತೆಗೆ ಬಂದು ಎರಡೂ ನಿಂತವು.

ಶಶಿಕುಮಾರ್ ಅಷ್ಟನ್ನೂ ಫೋನಿನಲ್ಲಿ ಚಿತ್ರೀಕರಿಸಿದ್ದರು. "ಸಕ್ಕತ್ತಾಗಿ ಅಪ್‌ಡೇಟ್ ಆಗ್ತಿದೆಯಲ್ಲ ಮೇಡಂ! ಹಂಗೇ ಬರ್ಕೊಡಿ."

"ಸಾರ್, ವೈರೇ ಹಾಕಿಲ್ಲ."

"ವಿಡಿಯೋದಲ್ಲಿ ವೈರ್ ಕಾಣಲ್ಲ ಬಿಡಿ."

ಅವರು ಕೇಳಿದಂತೆ ನಾನು ಬರೆದುಕೊಡಲಿಲ್ಲ. ವಿಡಿಯೋ ಒಂದೇ ಸಾಕಾಯಿತು. ಅಂಕಿ ಸರಿಯಾಗಿಯೇ ಬದಲಾಗುತ್ತಿತ್ತು, ತಪ್ಪು ರೇವಣಸಿದ್ದನದೇ ಎಂದು ತನಿಖೆ ಮುಗಿಯಿತು.