ಅಕ್ಕು ಅತ್ತೆಯ ಸೌಟು

ಬೊಂಬಾಯಿಯ ಕರೆಂಟಿಗೆ ನನ್ನನ್ನು ಕಂಡರೆ ಭಯ. ಒಮ್ಮೆ ಎಂಟು ಸಾವಿರ ವೋಲ್ಟು ನನ್ನನ್ನು ಮುಟ್ಟಿ, ತಪ್ಪಾಯಿತೆಂದು ತಂತಿಯೊಳಗೆ ವಾಪಸು ಓಡಿತ್ತು.

೧೯೫೭ರಲ್ಲಿ ಕಾಂದಿವಲಿಯ ನಮ್ಮ ಬಾಡಿಗೆ ಮನೆಯ ಬಚ್ಚಲಿಗೆ ಕರೆಂಟಿನ ಬಿಸಿನೀರಿನ ಶವರ್ ಬಂತು. ಇಂಗ್ಲೆಂಡಿನಲ್ಲಿ ಕಲಿತ ಇಂಜಿನಿಯರನೇ ಅದರ ವೈರಿಂಗ್ ಮಾಡಿದ್ದೆಂದು ಹೆಂಡತಿ ವಿನೋದಿನಿಗೆ ಹೇಳಿದ್ದೆ. ಸ್ವಿಚ್ಚು ಹೊರಗೋಡೆಯಲ್ಲಿತ್ತು. ದಿನಾ ಬೆಳಿಗ್ಗೆ ಅದನ್ನು ಹಾಕಿ ನಾನು ಬಚ್ಚಲ ಚಿಲಕ ಹಾಕಿದೊಡನೆ ಹೊರಗೆ ಟಕ್ ಎನ್ನುತ್ತಿತ್ತು. ನೀರು ತಣ್ಣಗೆ ಬೀಳುತ್ತಿತ್ತು. ಹೊರಬಂದು ನೋಡಿದರೆ ಸ್ವಿಚ್ಚು ಆರಿರುತ್ತಿತ್ತು. ಅದರ ಕೆಳಗೆ ಅಡುಗೆಮನೆಯ ಮರದ ಸೌಟು ಒರಗಿರುತ್ತಿತ್ತು, ಹಿಡಿ ಬೆಚ್ಚಗೆ.

ನನ್ನನ್ನು ಸಾಕಿದ ಅಕ್ಕು ಅತ್ತೆ ಕರೆಂಟಿಗೆ ಹೆದರಿ ಆ ಸೌಟಿನಿಂದಲೇ ಮನೆಯ ಸ್ವಿಚ್ಚುಗಳನ್ನು ಆರಿಸುತ್ತಿದ್ದಳು. ಅವಳು ತೀರಿಕೊಂಡು ವರ್ಷವಾಗಿತ್ತು.

ಶವರ್ ಬಂದ ಹನ್ನೊಂದನೆಯ ದಿನ ವೈರಿಂಗ್ ಕೆಲಸದ ಮೋನಪ್ಪನನ್ನು ಕರೆಸಿದೆ. ಶವರಿನ ಮುಚ್ಚಳ ಬಿಚ್ಚಿದವನು ನನ್ನ ಮುಖವನ್ನೇ ನೋಡಿದ.

"ಯಾರು ಮಾರಾಯ್ರೆ ಇದನ್ನು ಜೋಡಿಸಿದ್ದು? ಸ್ವಿಚ್ಚು ಹಾಕಿ ನೀರಿನಡಿ ನಿಂತಿದ್ರೆ ನಿಮ್ಮನ್ನು ಹೊತ್ತುಕೊಂಡೇ ಹೋಗ್ಬೇಕಿತ್ತು."

"ಇಂಗ್ಲೆಂಡಿನ ಇಂಜಿನಿಯರಂತೆ," ಎಂದಳು ವಿನೋದಿನಿ. "ಅವತ್ತು ಇವರ ಹೆಬ್ಬೆರಳು ಸುಟ್ಟಿತ್ತು. ಅವನು ಕಚ್ಚಿದ್ದೋ ಏನೋ."

"ನಾನೇ ಜೋಡಿಸಿದ್ದು," ಎಂದು ಒಪ್ಪಿಕೊಂಡೆ. "ಕರೆಂಟಿನ ಕೆಲಸ ನನಗೆ ಬರೋದಿಲ್ಲ. ದಿನಾ ಆರಿಸಿ ಉಳಿಸಿದವಳು ನೀನೇ ಅಲ್ವಾ?"

"ನಾನಾ? ಆ ಹೊತ್ತಿಗೆ ನಾನು ಕೆಳಗೆ ಹಾಲಿನ ಕ್ಯೂನಲ್ಲಿರ್ತೇನೆ."

ಮೋನಪ್ಪ ಸರಿಮಾಡಿದ ಮರುದಿನ ನೀರು ಬಿಸಿಯಾಗಿಯೇ ಬಂತು. ಸೌಟು ತನ್ನ ಮೊಳೆಯಲ್ಲೇ ತೂಗುತ್ತಿತ್ತು. ಆ ಟಕ್ ಇನ್ನೊಮ್ಮೆ ಕೇಳೀತೇನೋ ಎಂದು ನಾನು ಬಹಳ ಹೊತ್ತು ನೀರಿನಡಿ ನಿಂತಿದ್ದೆ.