ಖಾಲಿ ಬುಟ್ಟಿ

ಲಾರಿಯ ಬಾಗಿಲು ತೆರೆಯಿತು. ಇಳಿದವನು ಡ್ರೈವರ್ ಮಣಿಯಂ ಒಬ್ಬನೇ!

ಅವನ ಪಕ್ಕದ ಸೀಟು ಬರಿದಾಗಿತ್ತು.

"ಅವ್ರು... ಬರಲಿಲ್ಲೇನಪಾ?" ರತ್ನಳ ದನಿ ಮಾಸ್ಕಿನೊಳಗೇ ಉಡುಗಿಹೋಯಿತು.

"ಇಲ್ಲ ಅಕ್ಕಾ. ಬನ್ನಿ ಅಂತ ಕರೆದೆ. 'ನೀ ಹೋಗು' ಅಂದ್ರು." ತಮಿಳು ಬೆರೆತ ಕನ್ನಡದಲ್ಲಿ ಹೇಳಿ ಮಣಿಯಂ ತರಕಾರಿ ಬುಟ್ಟಿಯನ್ನು ಅವಳ ಮುಂದಿಟ್ಟ.

ಕೋಸು, ಬೀನ್ಸು, ಟೊಮೆಟೊ... ಎಲ್ಲವೂ ಬಂದಿದ್ದವು, ಕಳಿಸಿದವನೊಬ್ಬನನ್ನು ಬಿಟ್ಟು.

ಸಿಂಧನೂರು ಕಡೆಯ ಈ ಗಂಡ ಹೆಂಡತಿ ಮಲೇಷ್ಯಾಕ್ಕೆ ಬಂದು ಎರಡು ವರ್ಷ. ತಿಮ್ಮಪ್ಪನಿಗೆ ಕ್ಯಾಮರಾನ್ ಬೆಟ್ಟದ ತರಕಾರಿ ತೋಟದಲ್ಲಿ ಕೂಲಿ. ರತ್ನಳಿಗೆ ಪಕ್ಕದ ರಾಜ್ಯದ ಸುಬಾಂಗ್ ಜಯಾ ಪೇಟೆಯಲ್ಲಿ, ಉಡುಪಿಯ ಡಾಕ್ಟರ್ ಶರ್ಮಿಳಾ ಅವರ ಮನೆಯಲ್ಲಿ ಅಡುಗೆ ಕೆಲಸ. ಮೊದಲು ಅವನು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುತ್ತಿದ್ದ. ಕೊರೊನಾ ಬಂದಿತು. ಈ ಜನವರಿಯಿಂದಂತೂ ಜನ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಕಾಲಿಡುವಂತಿರಲಿಲ್ಲ. ಕೋಸುಗಡ್ಡೆಗೆ ಮಾತ್ರ ಯಾವ ತಡೆಯೂ ಇಲ್ಲ! ಹಾಗಾಗಿ ವಾರಕ್ಕೊಮ್ಮೆ ಲಾರಿಯಲ್ಲಿ ಬುಟ್ಟಿ ಬರುತ್ತಿತ್ತು.

ಬಂದ ಬುಟ್ಟಿಯನ್ನು ಖಾಲಿ ಕಳಿಸಬಾರದೆಂದು ರತ್ನಳ ಅವ್ವ ಹೇಳಿಕೊಟ್ಟಿದ್ದಳು. ಅದರಂತೆ ರತ್ನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಿದ್ದಳು. ಒಂಬತ್ತು ತಿಂಗಳು ಅವರ ಸಂಸಾರ ನಡೆದದ್ದು ಆ ಬುಟ್ಟಿಯಲ್ಲೇ.

ಈಗ ಅಕ್ಟೋಬರ್. ಎರಡು ಲಸಿಕೆ ಆದವರಿಗೆ ವಾರದ ಹಿಂದೆಯೇ ದಾರಿ ತೆರೆದಿತ್ತು. ತಿಮ್ಮಪ್ಪನಿಗೂ ಎರಡು ಆಗಿದ್ದವು.

'ಮನಸ್ಸಿದ್ದರೆ ಬರುತ್ತಿರಲಿಲ್ಲವೇ? ನನ್ನ ಬಿಟ್ಟು ಬದುಕುವುದು ರೂಢಿಯಾಗಿರಬೇಕು...'

ರತ್ನ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳು ಬರಲಿಲ್ಲ. ಅಳುವುದಕ್ಕೂ ತ್ರಾಣ ಬೇಕಲ್ಲ! ಕಾದು ಕಾದು ಜೀವ ಬೇಸತ್ತಿತ್ತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಒಬ್ಬರು ಬೆಟ್ಟದ ಮೇಲೆ, ಒಬ್ಬರು ಪೇಟೆಯಲ್ಲಿ ಉಂಡು ಮಲಗಿದರೆ ಅದು ಮುಗಿಯುವುದೆಂತು? ಕಳೆದ ತಿಂಗಳು ಫೋನಿನಲ್ಲಿ ಮಾತಿಗೆ ಮಾತು ಬೆಳೆದು, "ಬರ್ತೀನಿ ಬರ್ತೀನಿ ಅಂತ ಎಷ್ಟ್ ಸಲ ಹೇಳ್ತೀರಿ? ಬರದಿದ್ರ ಬಿಡ್ರಿ!" ಎಂದುಬಿಟ್ಟಿದ್ದಳು. ಮೊನ್ನೆ ತಾನಾಗಿಯೇ ಫೋನ್ ಮಾಡಿದರೆ ಅವನದು ಬರೀ "ಹೂಂ... ಹೂಂ".

"ಅಕ್ಕಾ, ಒಂದು ಕೇಳ್ಲಾ?" ಮಣಿಯಂ ತಲೆ ಕೆರೆದುಕೊಂಡ. "ಎರಡು ವಾರ ಯಾಕೆ ಖಾಲಿ ಬುಟ್ಟಿ ಕಳ್ಸಿದ್ರಿ?"

"ಖಾಲಿ?!"

"ಆಮಾ. ಅಣ್ಣ ಬುಟ್ಟಿ ಕವುಚಿ ನೋಡಿದ್ರು. 'ಮುಗೀತು, ಅಕಿ ನನ್ನ ಬಿಟ್ಟಳು' ಅಂದ್ರು. ಅವತ್ತು ಸಾಪಾಡು, ಊಟನೇ ಮಾಡ್ಲಿಲ್ಲ ಲಾ."

ರತ್ನ ಮೆಟ್ಟಿಲಿಂದ ಎದ್ದು ನಿಂತಳು. ಫೋನಿನ ಜಗಳದ ಬೆನ್ನಿಗೇ, ಆ ಎರಡು ವಾರ ಅವಳು ಕೊರೊನಾ ತಗುಲಿ ಹಿಂದಿನ ಕೋಣೆಯಲ್ಲಿ ಒಬ್ಬಳೇ ಬಿದ್ದಿದ್ದಳು. ತಿಮ್ಮಪ್ಪ ಎರಡು ಸಲ ಫೋನ್ ಮಾಡಿದ್ದ. ಕೆಮ್ಮು ಕೇಳಿದರೆ ಗಾಬರಿಯಾದಾನೆಂದು ಎತ್ತಿರಲಿಲ್ಲ.

ಬಾಗಿಲಲ್ಲಿದ್ದ ಶರ್ಮಿಳಾ ಹಣೆ ಚಚ್ಚಿಕೊಂಡರು. "ಅಯ್ಯೋ ದೇವರೇ! ಸೋಂಕಿನ ಮನೆಯಿಂದ ತಿಂಡಿ ಬೇಡ ಅಂತ ನಾನೇ ಬುಟ್ಟಿ ಹಾಗೇ ಕೊಟ್ಟದ್ದು ಮಾರಾಯ್ತಿ! ನಿನಗೆ ಹುಷಾರಿಲ್ಲ ಅಂತ ಅವನಿಗೆ ಹೇಳ್ಲಿಲ್ವಾ?"

"ಹೇಳಿದ್ರ ಬರಾಕೂ ಆಗದ, ಇರಾಕೂ ಆಗದ ಒದ್ದಾಡ್ತಿದ್ರು ಮೇಡಂ..."

"ಈಗಲಾದ್ರೂ ಫೋನ್ ಮಾಡು!"

ರತ್ನ ಫೋನ್ ಎತ್ತಿದಳು, ಕೆಳಗಿಟ್ಟಳು. ಇನ್ನೊಂದು "ಹೂಂ" ಕೇಳಲು ಅವಳಿಂದಾಗದು. ತರಕಾರಿಯನ್ನು ಅಡುಗೆಮನೆಯಲ್ಲಿ ಸುರಿದು, ಬುಟ್ಟಿ ಹಿಡಿದು ಹೊರಬಂದಳು.

"ಎರಡು ದಿನ ರಜಾ ಕೊಡ್ರಿ ಮೇಡಂ."

"ನಾಲ್ಕು ತಗೋ. ಮೊದಲು ಹೋಗು!"

ಬರಿದಾಗಿದ್ದ ಸೀಟಿಗೆ ಅವಳೇ ಹತ್ತಿ ಕೂತಳು.

ಲಾರಿ ಬೆಟ್ಟದ ತಿರುವುಗಳನ್ನು ಹತ್ತಿತು. ಸಂಜೆ ಹೊತ್ತಿಗೆ ಪ್ಲಾಸ್ಟಿಕ್ ಹೊದ್ದ ತೋಟಗಳು ಕಂಡವು. ತಿಮ್ಮಪ್ಪ ಕೋಸಿನ ಕ್ರೇಟು ಹೊತ್ತು ಬರುತ್ತಿದ್ದ. ಎಷ್ಟು ಸೊರಗಿದ್ದಾನೆ!

ಅವನು ಅವಳನ್ನು ನೋಡಿದ. ಅವಳ ಕೈಯ ಬುಟ್ಟಿಯನ್ನು ನೋಡಿದ. ನಿಂತಲ್ಲೇ ನಿಂತ.

"ನನಗ ಕೊರೊನಾ ಆಗಿತ್ರಿ," ರತ್ನ ಒಂದೇ ಉಸಿರಿಗೆ ಹೇಳಿದಳು. "ಎದ್ದು ರೊಟ್ಟಿ ಬಡಿಯಾಕ ಆಗಲಿಲ್ಲ. ಅದಕ ಬುಟ್ಟಿ ಖಾಲಿ ಬಂತು. ಸಿಟ್ಟಿಗಲ್ರಿ!"

ಅವನ ಕೈಯಿಂದ ಕ್ರೇಟು ಜಾರಿತು.

"ಒಬ್ಬಾಕೀನ ಮಲಗಿದ್ದಿಯೇನು? ನನಗೊಂದು ಮಾತು..." ಅವನು ಹತ್ತಿರ ಬಂದ. "ನೀ ಬ್ಯಾಡ ಅಂದಿ ಅಂತ ತಿಳ್ಕೊಂಡೆ ರತ್ನಾ. ಬಂದು ಬಾಗಿಲದಾಗ ನಿಂತ್ರ, ನೀ ಒಳಗ ಕರೀದಿದ್ರ... ಅಂಜಿಕಿ ಆತು."

"ನಿಮ್ಮನ್ನ ಬಿಟ್ರ ನನಗ ಯಾರದಾರ್ರಿ?"

ಆಗ ಬಂತು ಅಳು, ಇಷ್ಟು ದಿನ ತ್ರಾಣವಿಲ್ಲದೆ ತಡೆದಿದ್ದದ್ದೆಲ್ಲ! ಅವನು ಅವಳನ್ನು ಎದೆಗೆ ಒರಗಿಸಿಕೊಂಡ. ಆಮೇಲೆ ಬುಟ್ಟಿಯೊಳಗೆ ಇಣುಕಿ, ಒದ್ದೆ ಕಣ್ಣಲ್ಲೇ ನಕ್ಕ.

"ಇವತ್ತೂ ಖಾಲೀನ ತಂದೀಯಲ್ಲ!"

"ನಾನ ಬಂದೀನಲ್ರಿ... ಇನ್ನ ಖಾಲಿ ಹೆಂಗಾಗ್ತದ?"